ಹೊನ್ನಮ್ಮನ ಕೆರೆಗೆ ಮಕ್ಕಳು ಇಳಿಯಬಹುದೇ?

ತೊಂದರೆಯೆಲ್ಲ ಶುರುವಾದದ್ದು ಒಂದು ಟೆಲಿಫೋನಿನಿಂದ. ಹರಪನಹಳ್ಳಿಯ ಕೆರೆ-ಕಾಲುವೆ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಗಾದೆಪ್ಪನವರ ಮೇಜಿನ ಮೇಲೆ ಒಂದು ಕರಿಯ ಟೆಲಿಫೋನು ಕೂತಿತ್ತು. ಅದು ಬಡಿದುಕೊಂಡರೆ ಸಾಕು, ಅಲ್ಲಿಯತನಕ ಆಕಳಿಸುತ್ತಿದ್ದವರೆಲ್ಲ ತಟ್ಟನೆ ತಲೆ ತಗ್ಗಿಸಿ ಬರೆಯುವುದಕ್ಕೆ ಶುರುಮಾಡುತ್ತಿದ್ದರು. ಆ ಫೋನಿನಲ್ಲಿ ಒಳ್ಳೆಯ ಸುದ್ದಿ ಬಂದದ್ದನ್ನು ಆ ಆಫೀಸು ಕಂಡಿರಲಿಲ್ಲ.

ದಸರಾ ರಜೆಯ ಒಂದು ಶನಿವಾರ ಬೆಳಿಗ್ಗೆ ಬಂದದ್ದು ಬಳ್ಳಾರಿಯ ದೊಡ್ಡ ಸಾಹೇಬರ ಕರೆ. ಕೊಟ್ಟೂರಿನ ಕಡೆ ಒಂದು ಕಾಲುವೆ ನೋಡಿಕೊಂಡು, ಸಂಜೆ ಹೆಂಡತಿ ಮಕ್ಕಳೊಂದಿಗೆ ಹೊನ್ನಮ್ಮನ ಕೆರೆ ಬಂಗಲೆಗೆ ಬರುತ್ತಾರಂತೆ. ಮಕ್ಕಳು ಕೆರೆಯಲ್ಲಿ ಈಜಬೇಕೆಂದು ಹಟ ಹಿಡಿದಿವೆಯಂತೆ. ಅದು ಮಕ್ಕಳು ಈಜುವಂಥ ಕೆರೆಯೇ, ಅಲ್ಲವೇ? ಸಾಹೇಬರು ಬಂದಿಳಿದಾಗ ಉತ್ತರ ತಯಾರಿರಬೇಕಂತೆ.

ಹೊನ್ನಮ್ಮನ ಕೆರೆ ಚಿಗಟೇರಿ ಕಡೆಯ ದಾರಿಯಲ್ಲಿತ್ತು. ಏರಿಯ ಪಕ್ಕದ ಹಳೆಯ ಬಂಗಲೆಗೆ ಹೋದ ವರ್ಷ ಸುಣ್ಣ ಬಳಿದು, ಎರಡು ಜೋಕಾಲಿ ತೂಗುಹಾಕಿ, ಬಾಗಿಲಿಗೆ ‘ವಿಹಾರಧಾಮ’ ಎಂಬ ಕಮಾನು ನಿಲ್ಲಿಸಿದ್ದರು. ಅಂದಿನಿಂದ ಭಾನುವಾರ ಬಂದರೆ ಹರಪನಹಳ್ಳಿಯ ಸಂಸಾರಗಳು ಮಂಡಕ್ಕಿ, ಮಿರ್ಚಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದವು. ಮಕ್ಕಳು ನೀರಿಗಿಳಿಯಬಹುದೋ ಬಾರದೋ ಎಂಬುದನ್ನು ಮಾತ್ರ ಯಾರೂ ತೀರ್ಮಾನ ಮಾಡಿರಲಿಲ್ಲ. ತೀರ್ಮಾನ ಮಾಡುವುದು ಆ ಆಫೀಸಿನ ಅಭ್ಯಾಸವೂ ಅಲ್ಲ.

ಗಾದೆಪ್ಪನವರು ಫೋನಿಟ್ಟು ಸುತ್ತ ನೋಡಿದರು. ಎಲ್ಲ ತಲೆಗಳೂ ಕೆಳಗಿದ್ದವು, ಒಂದನ್ನು ಬಿಟ್ಟು. ಆ ಒಂದು ತಲೆ ನಾಗೇಂದ್ರಪ್ಪನದು. ಫೋನಿನಲ್ಲಿ ಯಾರು, ಏನು ಎಂದು ಪಾಪ ಅವನು ಕುತೂಹಲದಿಂದ ನೋಡುತ್ತಿದ್ದ.

“ನಾಗೇಂದ್ರಪ್ಪ, ಬಾರಪ್ಪ ಇಲ್ಲಿ. ನಿನಗ ಈಜು ಬರ್ತೈತೇನು?”

“ಇಲ್ರಿ ಸಾರ್.”

“ಹಂಗಾರ ನೀನೇ ಸರಿ. ಈಜು ಬರೋರಿಗೆ ಎಲ್ಲಾ ಕೆರಿನೂ ಸಲೀಸು ಅನ್ನಿಸ್ತೈತಿ. ನೀನು ಹೋಗಿ ನೋಡಿ, ಸಾಹೇಬ್ರಿಗೆ ಹೇಳು.”

“ಏನಂತ ಹೇಳ್ಲಿರಿ?”

“ಆಗಬಹುದು ಅಂದು ಆ ಮಕ್ಕಳಿಗೆ ಏನಾರ ಆತಂದ್ರ ನಿನ್ನ ನೌಕರಿ ಹೋತು. ಬ್ಯಾಡ ಅಂದು ಮಕ್ಕಳು ಅತ್ತುವಂದ್ರ ಅಮ್ಮಾರು ಸುಮ್ನಿರಂಗಿಲ್ಲ, ಆಗೂ ಹೋತು. ನೋಡಿ, ಸರಿಯಾದದ್ದು ಹೇಳು,” ಎಂದು ಗಾದೆಪ್ಪನವರು ನಿರಾಳವಾಗಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ನಾಗೇಂದ್ರಪ್ಪನ ಪ್ರೊಬೇಷನ್ನು ಅದೇ ತಿಂಗಳು ಮುಗಿಯುತ್ತಿತ್ತು. ನೌಕರಿ ಖಾಯಂ ಮಾಡಬೇಕಾದವರು ಅದೇ ದೊಡ್ಡ ಸಾಹೇಬರು. ಅವನ ಮನೆತನದಲ್ಲಿ ತಿಂಗಳ ಸಂಬಳ ಕಂಡವನು ಅವನೇ ಮೊದಲಿಗ. ಕಂಡವರ ಹೊಲದಲ್ಲಿ ಶೇಂಗಾ ಕಿತ್ತು ಮಗನನ್ನು ಓದಿಸಿದ ತಾಯಿ ಮಾರೆಮ್ಮ ಈಗ ಓಣಿಯಲ್ಲಿ ನಡೆಯುವ ಠೀವಿಯೇ ಬೇರೆಯಾಗಿತ್ತು. ಹಲವಾಗಲು ಎಂಬ ಊರಿನಲ್ಲಿ ಹೆಣ್ಣೂ ಗೊತ್ತಾಗಿತ್ತು. ಹೆಣ್ಣಿನ ತಂದೆ ಮಾತ್ರ, “ಖಾಯಂ ಆಗ್ಲಿ, ಅವತ್ತೇ ಎಲಿ ಅಡಿಕಿ ಹಿಡೀತೀನಿ,” ಎಂದು ಕೂತಿದ್ದ. ಒಟ್ಟಿನಲ್ಲಿ ನೌಕರಿ, ತಾಯಿಯ ಠೀವಿ, ಮದುವೆ ಮೂರೂ ಆವತ್ತು ಹೊನ್ನಮ್ಮನ ಕೆರೆಯ ದಂಡೆಯ ಮೇಲೆ ಕೂತಿದ್ದವು.

ಸೈಕಲ್ ಹತ್ತಿ ಹೊರಟವನು ಮೊದಲು ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಹೋದ. ತಾನೊಬ್ಬನೇ ಯಾಕೆ ಹೇಳಬೇಕು, ತಿಳಿದವರ ಬಾಯಿಂದ ಒಂದು ಮಾತು ಹೊರಡಿಸಿದರೆ ಅವರ ಹೆಸರು ಹೇಳಿ ಪಾರಾಗಬಹುದು ಎಂಬುದು ಅವನ ಲೆಕ್ಕ. ಅಲ್ಲಿ ಆರೋಗ್ಯ ಇಲಾಖೆಯ ಉಚ್ಚಂಗೆಪ್ಪನೂ ಪೊಲೀಸ್ ಪೇದೆ ಓಬಣ್ಣನೂ ಒಂದೇ ಚಹಾವನ್ನು ಎರಡು ಮಾಡಿಕೊಂಡು ಕುಡಿಯುತ್ತಿದ್ದರು.

“ಉಚ್ಚಂಗೆಪ್ಪಣ್ಣ, ಹೊನ್ನಮ್ಮನ ಕೆರಿ ನೀರು ಮಕ್ಕಳಿಗೆ ಚಲೋ ಐತೇನ್ರಿ?”

“ಕುಡಿಯಾಕೋ, ಮುಳುಗಾಕೋ?”

“ಈಜಾಕ್ರಿ.”

“ಕುಡಿದು ವಾಂತಿ ಭೇದಿ ಆದ್ರ ನಾನು. ಕಾಲಾಗ ನಾರುಹುಣ್ಣು ಎದ್ರ ನಾನು. ಮುಳುಗಿದ್ರ ಓಬಣ್ಣ,” ಎಂದು ಉಚ್ಚಂಗೆಪ್ಪ ಬಸಿಯಿಂದ ಚಹಾ ಹೀರಿದ.

“ಮುಳುಗಿದ ಮ್ಯಾಲ ನಾನು,” ಎಂದು ಓಬಣ್ಣ ತಿದ್ದಿದ. “ಮುಳುಗಾಕಿಂತ ಮೊದಲು ನಮಗೂ ಅದಕ್ಕೂ ಸಂಬಂಧ ಇಲ್ಲ. ಮುಳುಗಿದ ಮ್ಯಾಲ ನೀನು ನಮ್ಮನ್ನ ಕರಿಯಾಕೂ ಬರಬ್ಯಾಡ. ನಾವೇ ನಿನ್ನ ಹುಡುಕ್ಕೊಂಡು ಬರ್ತೀವಿ.”

“ನನ್ನ ಯಾಕ್ರಿ?”

“ಆಗಬಹುದು ಅಂದೋನು ಯಾವನು ಅಂತ ಕೇಳ್ತಾರಲ್ಲೋ!”

ಇಷ್ಟನ್ನು ಪಕ್ಕದ ಬೆಂಚಿನವರು ಕೇಳಿಸಿಕೊಂಡರು. ಅವರಿಂದ ಹೂವಿನವರು, ಹೂವಿನವರಿಂದ ಟಾಂಗಾದವರು ಕೇಳಿಸಿಕೊಂಡರು. ನಾಗೇಂದ್ರಪ್ಪ ಊರು ದಾಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಓಡಿಹೋಗಿತ್ತು. ಊರ ಹೊರಗೆ ಪೇರಲಹಣ್ಣು ಮಾರುವ ಕೊಟ್ರಬಸಮ್ಮ ಸೈಕಲ್ಲಿಗೆ ಅಡ್ಡ ನಿಂತಳು.

“ತಮ್ಮಾ, ಕೆರ್‍ಯಾಗ ಯಾರೋ ಹೋದ್ರಂತಲ್ಲ, ಯಾರಪ್ಪಾ?”

“ಯಾರೂ ಹೋಗಿಲ್ಲಬೇ.”

“ಮತ್ತ ನಿನ್ನ ಮುಖ ಯಾಕ ಹಿಂಗೈತಿ? ನಿಮ್ಮ ಪೈಕೇರೇನು?”

ಅವನು ಉತ್ತರ ಕೊಡದೆ ತುಳಿದ. ಅದರಿಂದ ಕೊಟ್ರಬಸಮ್ಮನಿಗೆ ಸತ್ತವರು ಅವನ ಪೈಕಿಯವರೇ ಎಂಬುದು ಖಾತ್ರಿಯಾಯಿತು. ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಸೆರಗು ಬಿಗಿದು, ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಅವಳೂ ಕೆರೆಯ ದಾರಿ ಹಿಡಿದಳು.

ಕೆರೆ ಆ ವರ್ಷ ಕೋಡಿ ಬಿದ್ದಿತ್ತು. ನೀರು ಕಂಡ ಕೂಡಲೆ ನಾಗೇಂದ್ರಪ್ಪ ಸೈಕಲ್ ಇಳಿದು, ಅದನ್ನು ನೀರಿಗೂ ತನಗೂ ನಡುವೆ ಇಟ್ಟುಕೊಂಡು ತಳ್ಳುತ್ತ ನಡೆದ. ಬಂಗಲೆಯನ್ನು ನೋಡಿಕೊಳ್ಳುವ ಪಾಲಣ್ಣ ಹಿತ್ತಲಲ್ಲಿ ಕೋಳಿಯ ಪುಕ್ಕ ಕೀಳುತ್ತಿದ್ದ.

“ನನ್ನೇನ್ ಕೇಳ್ತೀರಿ ಸ್ವಾಮಿ?” ಎಂದ ಅವನು. “ನಾನು ಸಾರಿನ ಚಿಂತಿ ಮಾಡ್ಲೋ, ಕೆರಿ ಚಿಂತಿ ಮಾಡ್ಲೋ? ಕೆರಿ ಗಂಗಮ್ಮಂದು. ಏರಿ ಮ್ಯಾಲ ಅದಾಳ, ಆಕಿನ್ನೇ ಕೇಳ್ರಿ. ಹುಲುಗಮ್ಮಜ್ಜಿ ಹೂ ಏರಿಸ್ತಾಳ.”

ನಾಗೇಂದ್ರಪ್ಪನಿಗೆ ಜೀವ ಬಂತು. ಅವರ ಕಡೆ ಹೊಸ ಎತ್ತು ತರುವುದಿರಲಿ, ಹೆಣ್ಣು ಕೊಡುವುದಿರಲಿ, ದೇವರ ಮುಂದೆ ಹೂ ಕೇಳದೆ ಯಾರೂ ಮುಂದುವರಿಯುತ್ತಿರಲಿಲ್ಲ. ದೇವರ ಎರಡೂ ಭುಜಕ್ಕೆ ಹೂ ಏರಿಸಿ ಕೈಮುಗಿದು ಕೇಳುವುದು. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಇಷ್ಟು ಸುಲಭದ ದಾರಿ ಇರುವಾಗ ಪೊಲೀಸರನ್ನು ಕೇಳಲು ಹೋದೆನಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ.

ಏರಿಯ ಮೇಲಿನ ಗುಡಿ ಆಳೆತ್ತರವೂ ಇರಲಿಲ್ಲ. ಅದರ ಮುಂದೆ ಕೂತಿದ್ದ ಹುಲುಗಮ್ಮಜ್ಜಿ ಮಾತ್ರ ಗುಡಿಯನ್ನು ತಾನೇ ಕಟ್ಟಿಸಿದವಳಂತೆ ಕೂತಿದ್ದಳು. ಕೆಳಗೆ ಮೆಟ್ಟಿಲ ಬಳಿ ಹತ್ತಿಪ್ಪತ್ತು ಮಕ್ಕಳು, ಹೆಚ್ಚಿನವು ಹೆಣ್ಣುಮಕ್ಕಳೇ, ನೀರಲ್ಲಿ ಕೇಕೆ ಹಾಕುತ್ತಿದ್ದವು.

“ಈ ಊರಾಗ ಈಜು ಬರೋರೆಲ್ಲ ನನ್ನ ಕೈಯಾಗ ಕಲ್ತೋರು,” ಎಂದಳು ಅಜ್ಜಿ, ಅವನು ಕೇಳುವ ಮೊದಲೇ. “ಊರ ಗೌಡನ್ನೂ ಮುಳುಗಿಸಿ ಮುಳುಗಿಸಿ ಕಲಿಸೀನಿ. ಏನಾಗಬೇಕಿತ್ತು ಮಗಾ?”

ಅವನು ಹೇಳಿದ. ಅಜ್ಜಿ ಹೂ ಏರಿಸಿದಳು. ನಾಗೇಂದ್ರಪ್ಪ ಕಣ್ಣುಮುಚ್ಚಿ, “ತಾಯೀ, ಮಕ್ಕಳು ಈ ಕೆರೆಗೆ ಇಳಿಯಬಹುದೇನಮ್ಮಾ?” ಎಂದ. ಅವನು ಕಣ್ಣು ತೆರೆಯುವ ಮೊದಲೇ ಬಲಗಡೆಯ ಹೂ ಟಪ್ಪನೆ ಬಿದ್ದಿತ್ತು.

“ಕೊಟ್ಲು ನೋಡು! ಇನ್ನ ಕೇಳಿದೋರು ನಡುಮಟ ನೀರಿಗಿಳಿದು ಅಮ್ಮಗ ಅರಿಷಿಣ ಕುಂಕುಮ ಬಿಡಬೇಕು. ನಡಿ.”

“ನಾನಾ? ಅಜ್ಜಿ, ನನಗೆ ಈಜು ಬರಂಗಿಲ್ಲ.”

“ಹೂ ಕೇಳಿದೋನು ನೀನೋ ನಾನೋ?”

“ಹಂಗಾರ ನನ್ನ ಸಲುವಾಗೂ ಒಂದು ಹೂ ಕೇಳು ಅಜ್ಜಿ,” ಎಂದು ಅಂಗಲಾಚಿದ. ಅಜ್ಜಿ ಮತ್ತೆ ಹೂ ಏರಿಸಿದಳು. ನಾಗೇಂದ್ರಪ್ಪ ಕೇಳಿದ. ಬಲಗಡೆಯದೂ ಬೀಳಲಿಲ್ಲ, ಎಡಗಡೆಯದೂ ಬೀಳಲಿಲ್ಲ. ಅವನು ಕಾದ. ಒಂದು ಇರುವೆ ಬಲಗಡೆಯ ಹೂವಿನವರೆಗೆ ಹತ್ತಿ, ಯೋಚನೆ ಮಾಡಿ, ವಾಪಸು ಇಳಿದುಹೋಯಿತು.

“ದೊಡ್ಡೋರ ವಿಷಯದಾಗ ಅಮ್ಮ ಬಾಯಿ ಹಾಕಂಗಿಲ್ಲ,” ಎಂದಳು ಅಜ್ಜಿ. “ನಡಿ, ಹೊತ್ತಾತು.”

ಕೈಯಲ್ಲಿ ಅರಿಷಿಣ ಕುಂಕುಮದ ಎಲೆ ಹಿಡಿದು, ಷರಾಯಿಯನ್ನು ಮೊಣಕಾಲಿಗೆ ಮಡಚಿ, ನಾಗೇಂದ್ರಪ್ಪ ಮೆಟ್ಟಿಲಿಳಿದ. ಮೊದಲ ಮೆಟ್ಟಿಲು ಸರಿಯಿತ್ತು. ಎರಡನೆಯದರ ಮೇಲೆ ಪಾಚಿ ಇತ್ತು. ಮೂರನೆಯದನ್ನು ಅವನು ನೋಡಲೇ ಇಲ್ಲ. ಎಲೆ ಒಂದು ಕಡೆ, ಅರಿಷಿಣ ಒಂದು ಕಡೆ, ಕುಂಕುಮ ಒಂದು ಕಡೆ ಹಾರಿ, ಅವನು ಮೆಟ್ಟಿಲ ಮೇಲೆ ಜಾರುತ್ತ ಹೋಗಿ, ಮಕ್ಕಳು ಗುರುತಿಗೆ ಇಟ್ಟುಕೊಂಡಿದ್ದ ಗುಂಡುಕಲ್ಲನ್ನೂ ದಾಟಿ, ತಲೆ ಮುಳುಗುವ ನೀರಿಗೆ ಬಿದ್ದ.

ಆಮೇಲೆ ಆದದ್ದನ್ನು ನೋಡಿದವರು ಎಷ್ಟೋ ವರ್ಷ ಹೇಳಿಕೊಂಡರು. ಭರಮಮ್ಮ ಎಂಬ ಹುಡುಗಿ, ಮೂಗಿನ ಮೇಲೆ ಮಚ್ಚೆ, ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ, “ಜೋಡೀ!” ಎಂದು ಒಂದೇ ಕೂಗು ಕೂಗಿತು. ಕೇಕೆ ನಿಂತಿತು. ಸಣ್ಣವೆಲ್ಲ ಸರಸರ ಮೆಟ್ಟಿಲು ಹತ್ತಿ ತಮ್ಮ ತಮ್ಮ ಜೋಡಿಯ ಕೈ ಹಿಡಿದು ನಿಂತವು. ಭರಮಮ್ಮ ಅವನ ಮುಂದೆ ಹೋಗಲಿಲ್ಲ. ಸುತ್ತು ಹಾಕಿ ಹಿಂದಿನಿಂದ ಹೋಗಿ ಅಂಗಿಯ ಕಾಲರು ಹಿಡಿಯಿತು. ಇನ್ನೊಂದು ಹುಡುಗಿ ಒಣಗಿದ ಸೋರೆಬುರುಡೆಯೊಂದನ್ನು ಅವನ ತೋಳಿನ ಕೆಳಗೆ ತುರುಕಿತು. ಎರಡೂ ಕಾಲು ಬಡಿಯುತ್ತ, ಅಷ್ಟು ದೊಡ್ಡ ಗಂಡಸನ್ನು ಹುಲ್ಲಿನ ಹೊರೆಯಂತೆ ದಂಡೆಗೆ ಎಳೆದು ತಂದವು. ದೊಡ್ಡ ದೊಡ್ಡ ಊರುಗಳಲ್ಲಿ ಸಂಬಳ ಕೊಟ್ಟು ಇಟ್ಟುಕೊಂಡ ಈಜುಗಾರರೂ ಇದಕ್ಕಿಂತ ಚೆನ್ನಾಗಿ ಮಾಡಲಾರರು. ಆ ಮಕ್ಕಳನ್ನು ನೆನೆದರೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತದೆ.

“ಹಿಂದಿನಿಂದ ಯಾಕ ಬಂದೆವ್ವಾ?” ಎಂದು ನಾಗೇಂದ್ರಪ್ಪ ಕೆಮ್ಮುತ್ತ ಕೇಳಿದ. ಬದುಕಿದ್ದೇನೆ ಎಂದು ಗೊತ್ತಾದ ಮೇಲೆ ಮೊದಲು ಹೊಳೆದ ಮಾತು ಅದು.

“ಮುಂದಿನಿಂದ ಬಂದ್ರ ಅಂಜಿದೋರು ಕುತ್ತಿಗಿ ಅವುಚ್ಕೊಂತಾರ ಮಾಮಾ. ಆಗ ಇಬ್ರೂ ಹೋಗ್ತೀವಿ,” ಎಂದಿತು ಭರಮಮ್ಮ, ಎರಡೊಂದ್ಲಿ ಎರಡು ಎಂದಷ್ಟು ಸುಲಭವಾಗಿ.

ಅಜ್ಜಿ ಅವನನ್ನು ಮನೆಗೆ ಬಿಡಲಿಲ್ಲ. “ಅಂಜಿಕಿ ಇಲ್ಲೇ ನೀರಾಗ ಬಿಟ್ಟು ಹೋಗು, ಮನಿಗೆ ಒಯ್ಯಬ್ಯಾಡ,” ಎಂದು ಅಂಗಿ ಷರಾಯಿ ಬಿಚ್ಚಿಸಿ, ಪಟ್ಟೆಪಟ್ಟೆ ಚಡ್ಡಿಯಲ್ಲಿ ನಿಲ್ಲಿಸಿ ಅವನ ಬೆನ್ನಿಗೆ ಎರಡು ಬುರುಡೆ ಬಿಗಿದಳು. ಒಲ್ಲೆ ಒಲ್ಲೆ ಎನ್ನುತ್ತಲೇ ಅವನು ಮತ್ತೆ ನೀರಿಗಿಳಿದ. ಆಗ ಅವನಿಗೆ ಆ ಮಕ್ಕಳ ಕಟ್ಟುಪಾಡು ಒಂದೊಂದಾಗಿ ಕಾಣತೊಡಗಿತು. ಬುರುಡೆ ಇಲ್ಲದೆ ಸಣ್ಣವರು ಇಳಿಯುವಂತಿಲ್ಲ. ಗುಂಡುಕಲ್ಲು ದಾಟಬೇಕಾದರೆ ಅಜ್ಜಿಯ ಮುಂದೆ ಈಜಿ ತೋರಿಸಿರಬೇಕು. ಒಬ್ಬೊಬ್ಬ ದೊಡ್ಡವರಿಗೆ ಒಬ್ಬೊಬ್ಬ ಸಣ್ಣವರು ಜೋಡಿ. ಭರಮಮ್ಮ ಆಗಾಗ ‘ಜೋಡೀ’ ಎಂದು ಕೂಗಿದರೆ, ಆಟ ಎಷ್ಟೇ ರಂಗೇರಿರಲಿ, ಜೋಡಿಯ ಕೈ ಹಿಡಿದು ಎತ್ತಿ ತೋರಿಸಬೇಕು. ಇದನ್ನು ಅಜ್ಜಿ ತನ್ನ ಹರೆಯದಿಂದ ನಡೆಸಿಕೊಂಡು ಬಂದಿದ್ದಳು. ಅವಳ ಕಾಲದಲ್ಲಿ ಆ ಮೆಟ್ಟಿಲಲ್ಲಿ ಒಂದು ಮಗುವೂ ನೀರುಪಾಲಾಗಿರಲಿಲ್ಲ.

ಅಷ್ಟರಲ್ಲಿ ಕೊಟ್ರಬಸಮ್ಮನ ದಂಡು ಏರಿ ಹತ್ತಿತು. ನೀರಿನಲ್ಲಿ ಬೋರಲಾಗಿ ತೇಲುತ್ತಿದ್ದ ಮೈ ಕಂಡದ್ದೇ ಅವಳು ಎದೆ ಬಡಿದುಕೊಂಡಳು.

“ಅಯ್ಯಯ್ಯೋ, ಹೋದೋನು ಇವನೇ ಏನು!”

“ಹೋಗಿಲ್ಲಬೇ,” ಎಂದಿತು ಭರಮಮ್ಮ. “ಕಲಿಯಾಕತ್ಯಾನ.”

“ಕಾಲು ಬಡಿಯಲೋ ತಮ್ಮಾ!” ಎಂದು ಕೊಟ್ರಬಸಮ್ಮ ಅಳುವನ್ನು ಅಲ್ಲಿಗೇ ಬಿಟ್ಟು ಮೆಟ್ಟಿಲ ಮೇಲೆ ಕೂತಳು. ನಾಗೇಂದ್ರಪ್ಪ ಕಾಲು ಬಡಿದ. ಒಂದು ಮಾರು ಮುಂದೆ ಹೋದ. ಇನ್ನೊಂದು ಮಾರು ಹೋದ. ಹೆಂಗಸರು ಚಪ್ಪಾಳೆ ತಟ್ಟಿದರು. ಹುಟ್ಟಿದಂದಿನಿಂದ ಯಾವುದಕ್ಕೂ ಚಪ್ಪಾಳೆ ಕಾಣದವನು ಖುಷಿಯಲ್ಲಿ ಮೂರನೆಯ ಮಾರೂ ಹೋದ.

ಸಾಹೇಬರ ಜೀಪು ಬಂದದ್ದು ಆಗಲೇ. ಸಂಜೆ ಬರಬೇಕಾದವರು ಬಿಸಿಲು ಇಳಿಯುವ ಮೊದಲೇ ಬಂದುಬಿಟ್ಟಿದ್ದರು. ದಪ್ಪನೆಯ ಸಾಹೇಬರು, ಅವರ ಹೆಂಡತಿ, ಜೀಪು ನಿಲ್ಲುವ ಮೊದಲೇ ಜಿಗಿದ ಇಬ್ಬರು ಮಕ್ಕಳು ಏರಿಯ ಮೇಲೆ ಸಾಲಾಗಿ ನಿಂತರು. ನಾಗೇಂದ್ರಪ್ಪ ನೀರಿನಿಂದೆದ್ದು, ಪಟ್ಟೆ ಚಡ್ಡಿಯಲ್ಲಿ, ಬೆನ್ನ ಮೇಲೆ ಬುರುಡೆ ಹೊತ್ತು, ಎರಡೂ ಕೈ ಜೋಡಿಸಿದ.

“ಯಾರಯ್ಯ ಇದು?” ಎಂದರು ಸಾಹೇಬರು.

“ಆಫೀಸಿನವನ್ರಿ ಸಾರ್. ಕೆರೆ ನೋಡಾಕ ಬಂದಿದ್ದೆ.”

“ಮಕ್ಕಳು ಇಳಿಯಬಹುದಾ?” ಎಂದು ಸಾಹೇಬರ ಮಗಳು ಕೂಗಿದಳು.

ಹಿಂದಿನ ನಾಗೇಂದ್ರಪ್ಪನಾಗಿದ್ದರೆ ಆರೋಗ್ಯ ಇಲಾಖೆಯ ಹೆಸರನ್ನೋ ಗಂಗಮ್ಮನ ಹೆಸರನ್ನೋ ಹೇಳುತ್ತಿದ್ದ. ಆದರೆ ಅವನೀಗ ಆ ನೀರು ಕುಡಿದು ಎದ್ದವನು. ಹಲ್ಲು ಕಟಕಟ ಎನ್ನುತ್ತಿದ್ದರೂ ನೆಟ್ಟಗೆ ನಿಂತು ಹೇಳಿದ. “ಇಳೀಬಹುದ್ರಿ. ನೀರು ನಂಬಿ ಹೇಳಂಗಿಲ್ರಿ ಸಾರ್, ನೀರು ಯಾರಿಗೂ ನೆಂಟಲ್ಲ. ಈ ಹುಡುಗ್ಯಾರನ್ನ, ಈ ಅಜ್ಜಿನ್ನ ನಂಬಿ ಹೇಳ್ತೀನಿ. ಬುರುಡಿ ಕಟ್ಕೊಂಡು, ಜೋಡಿ ಮಾಡ್ಕೊಂಡು, ಆ ಗುಂಡುಕಲ್ಲಿನ ಈಚೆ ಇದ್ರ, ಇಳೀಬಹುದು. ಹೇಳಿದೋನು ನಾನೇ. ನನ್ನ ಹೆಸರು ನಾಗೇಂದ್ರಪ್ಪ.”

ಆ ಇಲಾಖೆಯಲ್ಲಿ ಹಾಗೆ ಹೆಸರು ಹೇಳಿ ಉತ್ತರ ಕೊಟ್ಟವರು ಹಿಂದೆ ಇದ್ದರೋ ಇಲ್ಲವೋ ನಮಗೆ ಗೊತ್ತಿಲ್ಲ. ಎದೆಗಾರಿಕೆ ಅಂದರೆ ಅದು.

ಮಕ್ಕಳು ಹೋ ಎಂದು ಕೂಗಿದವು. ಭರಮಮ್ಮ ಎರಡಕ್ಕೂ ಬುರುಡೆ ಬಿಗಿದು, ಜೋಡಿ ಕೊಟ್ಟು, ನೀರಿಗಿಳಿಸಿತು. ಸಾಹೇಬರ ಹೆಂಡತಿ, “ಎಷ್ಟು ಚೆನ್ನಾಗಿ ನೋಡಿಕೊಳ್ತಾವೆ ಕಣ್ರೀ ಈ ಮಕ್ಕಳು!” ಎಂದು ಅಜ್ಜಿಯ ಪಕ್ಕ ಕೂತುಬಿಟ್ಟರು. ಸಾಹೇಬರ ಮುಖ ಮಾತ್ರ ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಗಿತ್ತು. ಅವರು ನಾಗೇಂದ್ರಪ್ಪನ ತೋಳು ಹಿಡಿದು ಬಂಗಲೆಯ ಬೇಲಿಯ ಮರೆಗೆ ಎಳೆದೊಯ್ದರು.

“ಏನ್ರೀ ಮಾಡಿಬಿಟ್ರಿ ನೀವು?”

“ಯಾಕ್ರಿ ಸಾರ್, ತಪ್ಪಾತೇನ್ರಿ?”

“ಹೋದ ಕಡೆಯಲ್ಲೆಲ್ಲ ಈ ಮಕ್ಕಳು ನನ್ನನ್ನೂ ನೀರಿಗೆ ಕರೀತಾವೆ. ‘ಇಳಿಯಬಹುದು ಅಂತ ಆಫೀಸಿನವರು ಹೇಳಲಿ, ನಾನೂ ಇಳೀತೀನಿ’ ಅಂತ ಮಾತು ಕೊಟ್ಟಿದ್ದೆ. ಯಾಕೆ ಕೊಟ್ಟಿದ್ದೆ? ನನ್ನ ಸರ್ವೀಸಿನಲ್ಲಿ ಯಾವ ಆಫೀಸೂ ಯಾವುದಕ್ಕೂ ಆಗಬಹುದು ಅಂದದ್ದಿಲ್ಲ. ಒಂದು ಕಡೆ ‘ಮುಂದಿನ ಮಳೆಗಾಲ ನೋಡಿ ಹೇಳ್ತೀವಿ’ ಅಂದ್ರು. ಇನ್ನೊಂದು ಕಡೆ ‘ಮೇಲಿನವರನ್ನ ಕೇಳಬೇಕು’ ಅಂದ್ರು. ಮೇಲಿನವನು ನಾನೇ! ಎಷ್ಟು ನೆಮ್ಮದಿಯಾಗಿದ್ದೆ ಗೊತ್ತೇನ್ರೀ?”

ನಾಗೇಂದ್ರಪ್ಪನಿಗೆ ನಿಧಾನವಾಗಿ ಅರ್ಥವಾಯಿತು. “ಸಾರ್, ನಿಮಗ ಈಜು...”

“ಶ್! ಮೆಲ್ಲಗೆ. ಇಪ್ಪತ್ತು ವರ್ಷದಿಂದ ಕೆರೆ ಕಟ್ಟಿಸ್ತಾ ಇದ್ದೀನಿ. ಇಳಿಯೋ ಪ್ರಸಂಗ ಬಂದಿರಲಿಲ್ಲ.”

“ಅಪ್ಪಾ, ಮಾತು ಕೊಟ್ಟಿದ್ದೀಯ!” ಎಂದು ಕೆರೆಯಿಂದ ಎರಡು ಕಂಠ ಕೂಗಿದವು. “ಹೋಗ್ರೀ, ಮಕ್ಕಳ ಮುಂದೆ ಮಾತು ತಪ್ಪಬಾರದು,” ಎಂದು ಹೆಂಡತಿಯೂ ಕೂಗಿದರು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಹುಲುಗಮ್ಮಜ್ಜಿ ಸಾಹೇಬರ ಗಾತ್ರವನ್ನು ಮೇಲಿಂದ ಕೆಳಗೆ ನೋಡಿ, ನಾಲ್ಕು ಬುರುಡೆ ಬಿಗಿದಳು.

“ಇವರಿಗೆ ಜೋಡಿ ಯಾರಬೇ?” ಎಂದು ಅಜ್ಜಿ ಕೇಳಿದಳು.

ಭರಮಮ್ಮ ಸುತ್ತ ನೋಡಿತು. ಮಕ್ಕಳೆಲ್ಲ ಜೋಡಿಯಲ್ಲಿದ್ದವು. ಉಳಿದವನು ಒಬ್ಬನೇ. “ಮಾಮಾ, ನೀನೇ ಇವರನ್ನ ನೋಡ್ಕೋ. ನೀನು ಇವರಿಗಿಂತ ಮುಂಚೆ ಕಲ್ತೀದಿ.”

ಹೀಗೆ ನಾಗೇಂದ್ರಪ್ಪ ಅಂದು ಮೂರನೆಯ ಸಲ ಹೊನ್ನಮ್ಮನ ಕೆರೆಗೆ ಇಳಿದ. ಸಾಹೇಬರು ಎರಡೂ ಕೈಯಿಂದ ಅವನ ತೋಳು ಹಿಡಿದಿದ್ದರು. ನೀರು ಎದೆಗೆ ಬಂತು. ಗದ್ದಕ್ಕೆ ಬಂತು. ಮೆಟ್ಟಿಲ ಮೇಲೆ ಹೆಂಗಸರು ಚಪ್ಪಾಳೆ ತಟ್ಟಿದರು. ಬುರುಡೆಗಳ ನಡುವೆ ತಲೆ ಮಾತ್ರ ಕಾಣುತ್ತಿದ್ದ ಸಾಹೇಬರು ಅವನ ಕಿವಿಯ ಹತ್ತಿರ ಬಾಯಿ ತಂದರು.

“ನಾಗೇಂದ್ರಪ್ಪ ಅಂದ್ರಲ್ಲ? ಪ್ರೊಬೇಷನ್ನು ಈ ತಿಂಗಳು ಮುಗಿಯೋದು ನಿಮ್ಮದೇ ಅಲ್ಲವಾ?”

“ಹೌದ್ರಿ ಸಾರ್,” ಎಂದ ಅವನು, ಆಸೆಯಿಂದ.

“ಇನ್ನೊಂದು ವರ್ಷ ಮುಂದಕ್ಕೆ ಹಾಕ್ತೀನಿ. ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಡ್ತೀರಿ ನೀವು. ನಮ್ಮ ಇಲಾಖೆಯ ಕೆಲಸ ಕಲಿಯೋದು ನಿಮಗೆ ಇನ್ನೂ ಬಹಳ ಇದೆ.”

ನಾಗೇಂದ್ರಪ್ಪನಿಗೆ ಹಲವಾಗಲಿನ ಹೆಣ್ಣಿನ ತಂದೆಯ ಮುಖ ನೀರಿನ ಮೇಲೆ ತೇಲಿ ಬಂದಂತಾಯಿತು. ಅಷ್ಟರಲ್ಲಿ ಸಾಹೇಬರ ಹಿಡಿತ ಇನ್ನಷ್ಟು ಬಿಗಿಯಾಯಿತು.

“ಏನ್ರೀ, ಕಾಲಿಗೆ ನೆಲ ಸಿಗ್ತಾ ಇಲ್ಲ. ಇಲ್ಲಿ ಎಷ್ಟು ಆಳ ಇದೆ?”

ನಾಗೇಂದ್ರಪ್ಪನ ಪಾದ ತಳದ ಕಲ್ಲಿನ ಮೇಲೆ ಗಟ್ಟಿಯಾಗಿ ಊರಿತ್ತು. ಸಾಹೇಬರೂ ಕಾಲು ಇಳಿಬಿಟ್ಟಿದ್ದರೆ ಅವರಿಗೂ ನೆಲ ಸಿಗುತ್ತಿತ್ತು. ಅವನು ಕ್ಷಣಹೊತ್ತು ಯೋಚಿಸಿದ.

“ವಿಚಾರಣೆ ಮಾಡಿ ತಿಳಿಸ್ತೀನ್ರಿ ಸಾರ್,” ಎಂದ.